ಮಸುಕಾದ ನೀಹಾರಿಕೆಯ ಫೋಟೊ ತೆಗೆಯುವುದು ಹೇಗೆ: ರೋಸೆಟ್ ಹಿಡಿದು ಮೊದಲಿಂದ ಕೊನೆವರೆಗೆ

ಚಳಿಗಾಲ ಬಂತೆಂದರೆ ನನಗೆ ಒಂದೇ ಬಗೆಯ ಫೋಟೊಗಳು ಬರುತ್ತವೆ. ಕಪ್ಪು ಆಕಾಶ, ಒಂದಷ್ಟು ಚುಕ್ಕೆ, ನಡುವೆ ಏನೂ ಇಲ್ಲ. ಜೊತೆಗೊಂದು ಪ್ರಶ್ನೆ: "ರಾತ್ರಿಯಿಡೀ ಕೂತೆ, ರೋಸೆಟ್ ಯಾಕೆ ಬರಲಿಲ್ಲ?" ಮೂಲ ಫೈಲುಗಳನ್ನು ತರಿಸಿಕೊಂಡು ನೋಡಿದರೆ ಕ್ಯಾಮೆರಾ ಚೆನ್ನಾಗಿಯೇ ಇರುತ್ತದೆ. ಕೆಲಸಗಳು ಹಿಂದುಮುಂದಾಗಿರುತ್ತವೆ. ಇಲ್ಲವೇ ನಡುವೆ ಒಂದು ಹೆಜ್ಜೆ ಬಿಟ್ಟುಹೋಗಿರುತ್ತದೆ. ಏನೋ ಸರಿಯಿಲ್ಲ ಅಂತ ಆಗಲೇ ಗೊತ್ತಾಗಿದ್ದರೂ, ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡಿಕೊಂಡರಾಯ್ತು ಅಂತ ಮುಂದೆ ಹೋಗಿರುತ್ತಾರೆ.

ಈ ಕೆಲಸದಲ್ಲಿ ಪ್ರತಿ ಹೆಜ್ಜೆಯೂ ಹಿಂದಿನದರ ಮೇಲೆ ನಿಂತಿದೆ. ಹಿಂದಿನದು ಸರಿಯಾಗುವ ತನಕ ಮುಂದಿನದಕ್ಕೆ ಕೈ ಹಾಕಬೇಡಿ. ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ಉದಾಹರಣೆಗೆ ರೋಸೆಟ್ ನೀಹಾರಿಕೆಯನ್ನು, ಅಂದರೆ ಬಾಹ್ಯಾಕಾಶದ ಹೂವಿನಂಥ ಒಂದು ಅನಿಲದ ಮೋಡವನ್ನು, ತೆಗೆದುಕೊಂಡಿದ್ದೇನೆ. ಕುದುರೆತಲೆ, ಕ್ಯಾಲಿಫೋರ್ನಿಯಾ, ಉತ್ತರ ಅಮೆರಿಕ ನೀಹಾರಿಕೆಗಳಿಗೂ ಕ್ರಮ ಇದೇ.

## 1. ಗುರಿ ಮತ್ತು ರಾತ್ರಿಯನ್ನು ಮೊದಲೇ ಗೊತ್ತು ಮಾಡಿ

ರೋಸೆಟ್ ಇರುವುದು ಏಕಶೃಂಗಿ ನಕ್ಷತ್ರಪುಂಜದಲ್ಲಿ. ಮಹಾವ್ಯಾಧನ ಹೆಗಲಿನ ಕೆಂಪು ನಕ್ಷತ್ರ ಆರಿದ್ರೆಯಿಂದ ಪ್ರೋಸಿಯಾನ್ ನಕ್ಷತ್ರದ ಕಡೆಗೆ ಒಂದು ಗೆರೆ ಎಳೆಯಿರಿ. ಅದರ ಮೂರನೇ ಒಂದು ಭಾಗ ಸಾಗಿ, ಸ್ವಲ್ಪ ದಕ್ಷಿಣಕ್ಕೆ ಇಳಿದರೆ ಅಲ್ಲೇ ಇದೆ. ಕಣ್ಣಿಗೆ ಕಾಣುವುದಿಲ್ಲ. ನಡುವಿನ ನಕ್ಷತ್ರಗುಚ್ಛ ಎನ್‌ಜಿಸಿ 2244 ಮಾತ್ರ ಬೈನಾಕ್ಯುಲರಿನಲ್ಲಿ ಸಿಗುತ್ತದೆ. ಸುತ್ತಲಿನ ಹೂವಿನಂಥ ಅನಿಲದ ಅಗಲ ಸುಮಾರು 1.3 ಡಿಗ್ರಿ. ಅಂದರೆ ಎರಡೂವರೆ ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಇದು ಚಿಕ್ಕದಲ್ಲ, ಮಸುಕು ಅಷ್ಟೇ. ಎಷ್ಟೋ ಜನ ಚಿಕ್ಕದು ಅಂದುಕೊಂಡು ದೊಡ್ಡ ಟೆಲಿಸ್ಕೋಪ್ ಕೊಳ್ಳಲು ಹೊರಡುತ್ತಾರೆ.

ನಮ್ಮ ಅಕ್ಷಾಂಶದಲ್ಲಿ ಇದು ಬಹುತೇಕ ನೆತ್ತಿಯ ಮೇಲೆ ಬರುತ್ತದೆ. ಬೆಂಗಳೂರು, ಮಂಗಳೂರುಗಳಿಂದ ನೋಡಿದರೆ ನೆತ್ತಿಗಿಂತ 8 ಡಿಗ್ರಿ ಮಾತ್ರ ದಕ್ಷಿಣಕ್ಕೆ ಹಾಯುತ್ತದೆ. ಯುರೋಪಿನವರಿಗೆ ಈ ಭಾಗ್ಯ ಇಲ್ಲ. ಅವರಿಗೆ ಇದು ಹೆಚ್ಚು ಕಡಿಮೆ ಆಕಾಶದ ಅರ್ಧ ಎತ್ತರಕ್ಕೆ ಮಾತ್ರ ಏರುತ್ತದೆ, ನಮಗಿಂತ ದಪ್ಪ ಗಾಳಿಯ ಮೂಲಕ ನೋಡಬೇಕು.

ಡಿಸೆಂಬರ್ ಕೊನೆಗೆ ಇದು ಮಧ್ಯರಾತ್ರಿಯ ಹೊತ್ತಿಗೆ ನೆತ್ತಿಗೆ ಬರುತ್ತದೆ. ಜನವರಿ ಕೊನೆಗೆ ಸುಮಾರು ಹತ್ತೂವರೆಗೆ, ಫೆಬ್ರವರಿ ನಡುವಿಗೆ ಒಂಬತ್ತು ಕಾಲಿಗೆ. ನನ್ನ ಆಯ್ಕೆ ಜನವರಿಯ ಅಮಾವಾಸ್ಯೆ. ಕತ್ತಲಾದ ಕೂಡಲೇ ಶುರು ಮಾಡಿದರೆ ರಾತ್ರಿ ಒಂದೂವರೆವರೆಗೆ 45 ಡಿಗ್ರಿಗಿಂತ ಮೇಲೇ ಇರುತ್ತದೆ. ಹೆಚ್ಚು ಕಡಿಮೆ ಆರು ಗಂಟೆ ಸಿಕ್ಕಿತು, ಅಲ್ವಾ? ಅಮಾವಾಸ್ಯೆಯ ಹಿಂದೆ ಮುಂದೆ ಐದು ದಿನ ನೋಡಿಕೊಳ್ಳಿ. ಸ್ಟೆಲೇರಿಯಂ ಆ್ಯಪಿನಲ್ಲಿ ನಿಮ್ಮ ಊರು, ತಾರೀಖು ಹಾಕಿದರೆ ಎಲ್ಲವೂ ತಿಳಿಯುತ್ತದೆ.

ಎಚ್ಚರ: ಒಂದು ರಾತ್ರಿಗೆ ಒಂದೇ ಗುರಿ. ಒಂದೊಂದು ಗಂಟೆಯಂತೆ ಐದು ನೀಹಾರಿಕೆ ತೆಗೆದವರ ಹತ್ತಿರ ಬೆಳಿಗ್ಗೆ ಐದು ಕೆಟ್ಟ ಫೋಟೊ ಇರುತ್ತದೆ.

## 2. ಬೇಕಾದ ಸಾಮಾನು

ಹಣ ಖರ್ಚು ಮಾಡುವುದಾದರೆ ಮೊದಲು ಮೌಂಟಿಗೆ, ಆಮೇಲೆ ಲೆನ್ಸಿಗೆ, ಕೊನೆಗೆ ಕ್ಯಾಮೆರಾಗೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಮೌಂಟ್. ಭೂಮಿ ತಿರುಗುವ ವೇಗದಲ್ಲಿ ಕ್ಯಾಮೆರಾವನ್ನು ತಿರುಗಿಸುವ ಈಕ್ವಟೋರಿಯಲ್ ಮೌಂಟ್ ಬೇಕೇ ಬೇಕು. ಲೆನ್ಸಿಗೆ ಸ್ಟಾರ್ ಅಡ್ವೆಂಚರರ್ ತರಹದ ಚಿಕ್ಕ ಟ್ರ್ಯಾಕರ್ ಸಾಕು. ಟೆಲಿಸ್ಕೋಪಿಗೆ ಎಚ್‌ಇಕ್ಯು5 ವರ್ಗದ ದೊಡ್ಡ ಮೌಂಟ್ ಇರಲಿ. ತಯಾರಕರು ಹೇಳಿದ ಗರಿಷ್ಠ ತೂಕದ ಅರ್ಧದಿಂದ ಮೂರನೇ ಎರಡು ಭಾಗದೊಳಗೆ ನಿಮ್ಮ ಒಟ್ಟು ಹೊರೆ ಇರಲಿ.

ಲೆನ್ಸ್ ಅಥವಾ ಟೆಲಿಸ್ಕೋಪ್. 135ರಿಂದ 200 ಮಿ.ಮೀ. ಲೆನ್ಸ್, ಇಲ್ಲವೇ 60ರಿಂದ 80 ಮಿ.ಮೀ. ವ್ಯಾಸದ 'ಇಡಿ' ಗಾಜಿನ (ಬಣ್ಣ ಚದುರದಂತೆ ತಡೆಯುವ) ರಿಫ್ರ್ಯಾಕ್ಟರ್, ಅಂದರೆ ಲೆನ್ಸಿನ ಟೆಲಿಸ್ಕೋಪ್. ಎಪಿಎಸ್-ಸಿ ಗಾತ್ರದ ಸೆನ್ಸರ್‌ಗೆ 400 ಮಿ.ಮೀ. ಫೋಕಲ್ ಲೆಂತ್ ಇದ್ದರೆ 3.2 ಡಿಗ್ರಿ ಅಗಲ, 2.1 ಡಿಗ್ರಿ ಎತ್ತರದ ಆಕಾಶ ಸಿಗುತ್ತದೆ. ರೋಸೆಟ್ ಅದರಲ್ಲಿ ಆರಾಮಾಗಿ ಕೂರುತ್ತದೆ. 1200 ಮಿ.ಮೀ. ಡಾಬ್ಸೋನಿಯನ್‌ನಲ್ಲಿ ಅದೇ ಸೆನ್ಸರ್‌ಗೆ ಒಂದು ಡಿಗ್ರಿ ಮಾತ್ರ ಸಿಗುವುದರಿಂದ ಹೂವು ಚೌಕಟ್ಟಿನ ಆಚೆಗೇ ಹೋಗುತ್ತದೆ.

ಕ್ಯಾಮೆರಾ. ಇಲ್ಲೊಂದು ವಿಷಯ ಅರ್ಥವಾಗಬೇಕು. ರೋಸೆಟ್‌ನ ಕೆಂಪು ಬೆಳಕು ಮುಖ್ಯವಾಗಿ ಹೈಡ್ರೋಜನ್ ಆಲ್ಫಾ, ಅಂದರೆ 656.3 ನ್ಯಾನೊಮೀಟರ್. ಸಾಮಾನ್ಯ ಡಿಎಸ್‌ಎಲ್‌ಆರ್ ಒಳಗಿರುವ ಫಿಲ್ಟರ್ ಇದರ ನಾಲ್ಕರಲ್ಲಿ ಮೂರು ಪಾಲನ್ನು ತಡೆದುಬಿಡುತ್ತದೆ. ಮನುಷ್ಯರ ಮುಖ ಕೆಂಪಗೆ ಕಾಣದಿರಲಿ ಅಂತ ಹಾಗೆ ಮಾಡಿರುತ್ತಾರೆ. ಆ ಫಿಲ್ಟರ್ ತೆಗೆಸಿದ ಹಳೆಯ ಕ್ಯಾಮೆರಾ ಹೊಸ ದುಬಾರಿ ಕ್ಯಾಮೆರಾಗಿಂತ ಈ ಕೆಲಸಕ್ಕೆ ಮೇಲು. ತೆಗೆಸದಿದ್ದರೂ ಪರವಾಗಿಲ್ಲ, ನೀಹಾರಿಕೆ ಬರುತ್ತದೆ. ಮೂರು ನಾಲ್ಕು ಪಟ್ಟು ಹೊತ್ತು ಬೇಕು, ಅಷ್ಟೇ.

ಫಿಲ್ಟರ್. ಊರೊಳಗಿನ ಮಹಡಿಯಿಂದ ತೆಗೆಯುವುದಾದರೆ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಬೇಕು. ಅದು ಹೈಡ್ರೋಜನ್ ಆಲ್ಫಾ ಮತ್ತು 500.7 ನ್ಯಾನೊಮೀಟರ್‌ನ ಆಮ್ಲಜನಕದ ಬೆಳಕನ್ನು ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. ಹಳೆಯ ಕಾಲದ ಬೆಳಕುಮಾಲಿನ್ಯ ಫಿಲ್ಟರ್‌ಗಳನ್ನು ಹಳದಿ ಸೋಡಿಯಂ ದೀಪಕ್ಕೆಂದು ಮಾಡಿದ್ದರು. ಈಗಿನ ಬಿಳಿ ಎಲ್‌ಇಡಿ ಬೀದಿದೀಪದ ಮುಂದೆ ಅವು ಹೆಚ್ಚೇನೂ ಮಾಡಲಾರವು. ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳಬೇಡಿ. ಕೃತ್ತಿಕೆಯ ನೀಲಿ ಮಂಜು ಮತ್ತು ಗ್ಯಾಲಕ್ಸಿಗಳ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ಅಲ್ಲಿ ಡ್ಯುಯಲ್ ಬ್ಯಾಂಡ್ ಹಾಕಿದರೆ ನಷ್ಟವೇ.

ಇನ್ನುಳಿದದ್ದು: ಬಹ್ಟಿನೋವ್ ಮಾಸ್ಕ್ (ಫೋಕಸ್ ನೋಡಲು ಮುಂದೆ ಹಾಕುವ ಸೀಳುಗಳ ಮುಚ್ಚಳ), ಇಬ್ಬನಿ ತಡೆಯುವ ಹೀಟರ್ ಪಟ್ಟಿ, ಇಂಟರ್ವಲೋಮೀಟರ್ (ತಾನಾಗಿ ಸಾಲಾಗಿ ಫೋಟೊ ತೆಗೆಸುವ ಸಾಧನ) ಅಥವಾ ಲ್ಯಾಪ್‌ಟಾಪ್, ಕೆಂಪು ಟಾರ್ಚ್, 12 ವೋಲ್ಟ್ ಬ್ಯಾಟರಿ. ಕಾರಿನ ಬ್ಯಾಟರಿಯಿಂದ ರಾತ್ರಿಯಿಡೀ ಎಳೆಯಬೇಡಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

## 3. ಹಗಲಲ್ಲೇ ಎಲ್ಲ ಜೋಡಿಸಿ ನೋಡಿ

ಕತ್ತಲೆಯಲ್ಲಿ ಮೊದಲ ಸಲ ಸ್ಕ್ರೂ ಹುಡುಕುವುದು ಬೇಡ. ಮನೆಯಲ್ಲೇ ಪೂರ್ತಿ ಜೋಡಿಸಿ. ಕೇಬಲ್ ಹಾಕಿ. ದೂರದ ನೀರಿನ ಟ್ಯಾಂಕಿಗೆ ಫೋಕಸ್ ಮಾಡಿ, ಎಲ್ಲಿಗೆ ಬಂತೆಂದು ಪೆನ್ಸಿಲ್ ಗುರುತು ಹಾಕಿ.

ಕ್ಯಾಮೆರಾದಲ್ಲಿ ಇಷ್ಟು ಮಾಡಿಟ್ಟುಕೊಳ್ಳಿ: ರಾ ಫಾರ್ಮ್ಯಾಟ್, ಮ್ಯಾನುಯಲ್ ಮೋಡ್, ಬಲ್ಬ್ (ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವುದು), ಆಟೊಫೋಕಸ್ ಆಫ್, ಲೆನ್ಸಿನ ಸ್ಟೆಬಿಲೈಸೇಷನ್ ಆಫ್. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಕೂಡ ಆಫ್. ಇದನ್ನು ಮರೆತರೆ ಪ್ರತಿ ಫೋಟೊ ಆದಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ನೆ ಕೂರುತ್ತದೆ. ಅರ್ಧ ರಾತ್ರಿ ಹೋಯಿತು.

ಟೆಲಿಸ್ಕೋಪ್ ಇರುವವರು, ಮೂಲೆಯ ನಕ್ಷತ್ರಗಳನ್ನು ಸರಿಪಡಿಸುವ ಲೆನ್ಸಾದ ಫ್ಲಾಟ್ನರ್‌ನಿಂದ ಸೆನ್ಸರ್‌ವರೆಗಿನ ದೂರವನ್ನು ಅಳೆಯಿರಿ. ಹೆಚ್ಚಿನ ಫ್ಲಾಟ್ನರ್‌ಗಳಿಗೆ ಅದು 55 ಮಿ.ಮೀ. ಇರಬೇಕು. ಕ್ಯಾನನ್ ಡಿಎಸ್‌ಎಲ್‌ಆರ್ ಒಳಗೆ 44 ಮಿ.ಮೀ. ಇರುತ್ತದೆ, ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಟಿ-ರಿಂಗ್ 11 ಮಿ.ಮೀ. ಸೇರಿದರೆ ಲೆಕ್ಕ ಸರಿ. ನಡುವೆ ಫಿಲ್ಟರ್ ಬಂದರೆ ಅದರ ದಪ್ಪದ ಮೂರರಲ್ಲಿ ಒಂದು ಭಾಗದಷ್ಟು ಜಾಸ್ತಿ ಕೊಡಿ.

## 4. ಜಾಗ

ಬೋರ್ಟಲ್ ಅಳತೆಯಲ್ಲಿ 1 ಅಂದರೆ ಅತಿ ಕಪ್ಪು ಆಕಾಶ, 9 ಅಂದರೆ ಮಹಾನಗರದ ನಡುಭಾಗ. ಬೆಂಗಳೂರಿನ ಹೆಚ್ಚಿನ ಭಾಗ 8, 9ರಲ್ಲಿ ಬರುತ್ತದೆ. ಬೋರ್ಟಲ್ 4ರ ಊರಿಗೆ ಹೋದರೆ, ಫಿಲ್ಟರ್ ಇಲ್ಲದೆಯೇ, ಬೆಂಗಳೂರಿನ ಹತ್ತು ಗಂಟೆಯ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಪೆಟ್ರೋಲ್ ಖರ್ಚು ಮಾಡಿ ಹೋಗುವುದೇ ಲಾಭ ಅಂತ ನಾನು ಹೇಳುವುದು ಇದಕ್ಕೇ.

ಮಲೆನಾಡು ಕತ್ತಲಾಗಿದೆ, ಆದರೆ ಚಳಿಗಾಲದ ನಡುರಾತ್ರಿ ಅಲ್ಲಿ ಮಂಜು ಇಳಿಯುತ್ತದೆ. ಕಣಿವೆಗಿಂತ ದಿಬ್ಬದ ಮೇಲೆ ಮಂಜು ಕಡಿಮೆ. ಬಯಲುಸೀಮೆಯ ಹಳ್ಳಿ ಹೊಲಗಳು ಅಷ್ಟು ಕತ್ತಲಿಲ್ಲದಿದ್ದರೂ ಒಣಗಿರುತ್ತವೆ. ಮೊದಲ ಪ್ರಯತ್ನಕ್ಕೆ ನಾನು ಬಯಲುಸೀಮೆಯನ್ನೇ ಆರಿಸುತ್ತೇನೆ.

ಕಾಡಿನಂಚು, ಆನೆ ಓಡಾಡುವ ಜಾಗ ಬೇಡವೇ ಬೇಡ. ತೋಟದ ಮಾಲೀಕರ ಒಪ್ಪಿಗೆ ತೆಗೆದುಕೊಳ್ಳಿ, ಪಕ್ಕದ ಮನೆಯವರಿಗೆ ಹೇಳಿ. ರಾತ್ರಿ ಹೊಲದಲ್ಲಿ ಕೆಂಪು ದೀಪ ಹಿಡಿದು ಓಡಾಡುವವರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಹಾವಿನ ಭಯ ಇರುವುದರಿಂದ ಬೂಟು ಹಾಕಿಕೊಳ್ಳಿ. ಒಬ್ಬರೇ ಹೋಗಬೇಡಿ.

## 5. ಮೌಂಟನ್ನು ಧ್ರುವಕ್ಕೆ ಹೊಂದಿಸುವುದು

ನಮ್ಮ ಕಡೆಯವರು ಅತಿ ಹೆಚ್ಚು ಸೋಲುವುದು ಇಲ್ಲೇ. ಸಿಗುವ ಪಾಠಗಳೆಲ್ಲ 40, 50 ಡಿಗ್ರಿ ಅಕ್ಷಾಂಶದವರು ಮಾಡಿದವು. ಅವರಿಗೆ ಧ್ರುವ ನಕ್ಷತ್ರ ಆಕಾಶದ ಅರ್ಧ ಎತ್ತರದಲ್ಲಿರುತ್ತದೆ. ನಮಗೆ ಅದು ಇರುವುದು ಅಕ್ಷಾಂಶದಷ್ಟೇ ಎತ್ತರದಲ್ಲಿ: ಬೆಂಗಳೂರಲ್ಲಿ 13 ಡಿಗ್ರಿ, ಧಾರವಾಡದಲ್ಲಿ ಹದಿನೈದೂವರೆ, ಬೀದರಿನಲ್ಲಿ ಸುಮಾರು 18. ಒಂದು ತೆಂಗಿನ ಮರ, ಒಂದು ಗುಡ್ಡ, ಸ್ವಲ್ಪ ಧೂಳು ಇದ್ದರೂ ಮುಚ್ಚಿಹೋಗುತ್ತದೆ. ಹಾಗಾಗಿ ಜಾಗ ನೋಡುವಾಗಲೇ ಉತ್ತರ ದಿಕ್ಕು ತೆರೆದಿದೆಯೇ ಅಂತ ನೋಡಿಕೊಳ್ಳಿ.

ಕ್ರಮ ಹೀಗೆ.

ಒಂದು. ಗಟ್ಟಿ ನೆಲದ ಮೇಲೆ ಟ್ರೈಪಾಡ್ ಇಡಿ. ಕಾಲುಗಳನ್ನು ಆದಷ್ಟು ಕಡಿಮೆ ಉದ್ದಕ್ಕೆ ಎಳೆಯಿರಿ. ಉತ್ತ ಮಣ್ಣಾದರೆ ಕಾಲಿನಡಿ ಚಪ್ಪಡಿ ಕಲ್ಲು ಹಾಕಿ. ಲೆವೆಲ್ ನೋಡಿ.

ಎರಡು. ಫೋನಿನ ಕಂಪಾಸ್‌ನಿಂದ ಉತ್ತರಕ್ಕೆ ಅಂದಾಜು ತಿರುಗಿಸಿ. ಮೌಂಟಿನ ಕಬ್ಬಿಣದಿಂದ ನಾಲ್ಕು ಹೆಜ್ಜೆ ದೂರ ನಿಂತು ಕಂಪಾಸ್ ನೋಡಿ, ಹತ್ತಿರ ಹಿಡಿದರೆ ಸುಳ್ಳು ಹೇಳುತ್ತದೆ. ಮೌಂಟಿನ ಎತ್ತರದ ಸ್ಕೇಲನ್ನು ನಿಮ್ಮ ಅಕ್ಷಾಂಶಕ್ಕೆ ಇಡಿ.

ಮೂರು. ಕಡಿಮೆ ಅಕ್ಷಾಂಶದಲ್ಲಿ ಮೌಂಟಿನ ಮುಖ್ಯ ಅಕ್ಷ ಬಹುತೇಕ ಮಲಗಿರುತ್ತದೆ. ಆಗ ಕೌಂಟರ್‌ವೇಟ್‌ನ (ಭಾರ ಸಮ ಮಾಡುವ ತೂಕದ) ಸರಳು ನೇರ ಕೆಳಕ್ಕೆ ಜೋತು ಉತ್ತರದ ಕಾಲಿಗೆ ಬಡಿಯುತ್ತದೆ. ಕೈಪಿಡಿಯಲ್ಲಿ ಒಂದು ಕಾಲು ಉತ್ತರಕ್ಕೆ ಇರಲಿ ಅಂತ ಬರೆದಿರುತ್ತದೆ. ಸರಳು ತಾಗುವುದಾದರೆ, ನಿಮ್ಮ ಮೌಂಟ್ ಅವಕಾಶ ಕೊಟ್ಟರೆ, ಎರಡು ಕಾಲಿನ ನಡುವಿನ ಸಂದು ಉತ್ತರಕ್ಕೆ ಬರುವಂತೆ ಟ್ರೈಪಾಡ್ ತಿರುಗಿಸಿ. ಇಲ್ಲವೇ ಎತ್ತರದ ಪಿಲ್ಲರ್ ಸೇರಿಸಿ. ತೂಕವನ್ನು ಸರಳಿನ ತುದಿಗೆ ಒಯ್ಯುವ ಬದಲು ಇನ್ನೊಂದು ಬಿಲ್ಲೆ ಹಾಕಿ ಮೇಲೆಯೇ ಇಟ್ಟುಕೊಳ್ಳುವುದೂ ಒಳ್ಳೆಯದೇ.

ನಾಲ್ಕು. ತೂಕ ಸಮ ಮಾಡಿ. ಎರಡೂ ಅಕ್ಷಗಳನ್ನು ಸಡಿಲಿಸಿದಾಗ ಟೆಲಿಸ್ಕೋಪ್ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲಬೇಕು. ಆಮೇಲೆ ಪೂರ್ವದ ಕಡೆ ಒಂಚೂರು ಭಾರ ಹೆಚ್ಚು ಮಾಡಿ. ಗೇರುಗಳು ಒಂದೇ ಬದಿಗೆ ಒತ್ತಿಕೊಂಡಿರುತ್ತವೆ.

ಐದು. ಈಗ ನಿಖರವಾಗಿ ಹೊಂದಿಸಿ. ಧ್ರುವ ನಕ್ಷತ್ರ ಇರುವುದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಆಚೆ. ಪೋಲಾರ್ ಸ್ಕೋಪಿನ (ಮೌಂಟಿನ ಅಕ್ಷದೊಳಗಿನ ಚಿಕ್ಕ ದೂರದರ್ಶಕದ) ನಡುವೆ ತಂದು ನಿಲ್ಲಿಸಿದರೆ ಅದು ತಪ್ಪು. ಆ್ಯಪ್ ತೋರಿಸುವ ಗಡಿಯಾರದ ಸ್ಥಾನದಲ್ಲಿ, ವೃತ್ತದ ಮೇಲೆ ಕೂರಿಸಬೇಕು.

ಉತ್ತರ ಮುಚ್ಚಿದ್ದರೆ? ಲ್ಯಾಪ್‌ಟಾಪ್ ಇರುವವರಿಗೆ ನಿನಾ ತಂತ್ರಾಂಶದ ಮೂರು ಬಿಂದುಗಳ ಹೊಂದಾಣಿಕೆ ಇದೆ. ಅದು ಆಕಾಶದ ಯಾವುದೇ ಭಾಗದ ಮೂರು ಫೋಟೊ ತೆಗೆದು, ಎಷ್ಟು ತಪ್ಪಿದೆ, ಯಾವ ಕಡೆ ತಿರುಗಿಸಬೇಕು ಅಂತ ಹೇಳುತ್ತದೆ. ಧ್ರುವ ನಕ್ಷತ್ರವೇ ಬೇಕಿಲ್ಲ.

ಲ್ಯಾಪ್‌ಟಾಪ್ ಇಲ್ಲದಿದ್ದರೆ ಹಳೆಯ ಡ್ರಿಫ್ಟ್ ವಿಧಾನ ಇದ್ದೇ ಇದೆ. ಖಗೋಳದ ಸಮಭಾಜಕದ ಹತ್ತಿರ, ದಕ್ಷಿಣೋತ್ತರ ರೇಖೆಯ ಮೇಲಿರುವ ಒಂದು ನಕ್ಷತ್ರ ಹಿಡಿಯಿರಿ. ಐದು ನಿಮಿಷದಲ್ಲಿ ಅದು ದಕ್ಷಿಣಕ್ಕೆ ಜಾರಿದರೆ ಮೌಂಟಿನ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಇದು ಸರಿಯಾದ ಮೇಲೆ ಪೂರ್ವ ದಿಕ್ಕಿನ ನಕ್ಷತ್ರ ಹಿಡಿಯಿರಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿನಲ್ಲಿದೆ, ಉತ್ತರಕ್ಕೆ ಜಾರಿದರೆ ಎತ್ತರದಲ್ಲಿದೆ. ನಿಧಾನದ ಕೆಲಸ, ಆದರೆ ಮೋಸ ಮಾಡುವುದಿಲ್ಲ.

ಎಚ್ಚರ: ಹೊಂದಿಸಿದ ಮೇಲೆ ಟ್ರೈಪಾಡ್ ಎಡವಿದಿರೋ, ಮೊದಲಿಂದ ಮಾಡಿ. "ಸ್ವಲ್ಪ ತಾಗಿತು ಅಷ್ಟೇ" ಅಂತ ಬಿಡಬೇಡಿ. ಕಾಲಿಗೆ ರಿಫ್ಲೆಕ್ಟರ್ ಟೇಪ್ ಸುತ್ತಿಟ್ಟರೆ ಎಡವುವುದೇ ತಪ್ಪುತ್ತದೆ.

## 6. ಫೋಕಸ್

ಲುಬ್ಧಕದಂಥ ಪ್ರಕಾಶಮಾನ ನಕ್ಷತ್ರಕ್ಕೆ ತಿರುಗಿಸಿ. ಬಹ್ಟಿನೋವ್ ಮಾಸ್ಕ್ ಹಾಕಿದರೆ ನಕ್ಷತ್ರದಿಂದ ಮೂರು ಗೆರೆ ಹೊರಡುತ್ತವೆ. ಎರಡು ಗೆರೆ ಅಡ್ಡಡ್ಡ ಹಾಯುತ್ತವೆ. ಮೂರನೆಯದು ಅವು ಕೂಡುವ ಬಿಂದುವಿನ ಸರಿಯಾಗಿ ನಡುವೆ ಬಂದರೆ ಫೋಕಸ್ ಆಯಿತು. ಲೈವ್ ವ್ಯೂ 10 ಪಟ್ಟು ದೊಡ್ಡದು ಮಾಡಿ ನೋಡಿ. ಲೆನ್ಸಾದರೆ ರಿಂಗಿಗೆ ಟೇಪ್ ಹಾಕಿ, ಟೆಲಿಸ್ಕೋಪಾದರೆ ಲಾಕ್ ಬಿಗಿ ಮಾಡಿ, ಆಮೇಲೆ ಮತ್ತೊಮ್ಮೆ ನೋಡಿ. ಲಾಕ್ ಬಿಗಿಸುವಾಗಲೇ ಫೋಕಸ್ ಜರುಗುವುದುಂಟು.

ಮಾಸ್ಕ್ ತೆಗೆಯಿರಿ. ನಗಬೇಡಿ, ಮರೆತು ಒಂದು ಗಂಟೆ ತೆಗೆದವರು ಬಹಳ ಜನ ಇದ್ದಾರೆ.

ರಾತ್ರಿ ತಂಪಾದಂತೆ ಕೊಳವೆ ಕುಗ್ಗುತ್ತದೆ, ಫೋಕಸ್ ಜಾರುತ್ತದೆ. ಮೊದಲ ಎರಡು ಗಂಟೆ ಪ್ರತಿ 45 ನಿಮಿಷಕ್ಕೊಮ್ಮೆ ನೋಡಿ. ಆಮೇಲೆ ಗಂಟೆಗೊಮ್ಮೆ ಸಾಕು.

## 7. ಚೌಕಟ್ಟಿನಲ್ಲಿ ಕೂರಿಸುವುದು

ಕಾಣದ ವಸ್ತುವನ್ನು ನಡುವೆ ತರುವುದು ಹೇಗೆ? ಐಎಸ್‌ಒ 6400, 20 ಸೆಕೆಂಡಿನ ಒಂದು ಪರೀಕ್ಷೆಯ ಫೋಟೊ ತೆಗೆಯಿರಿ. ಎಎಸ್‌ಟಿಎಪಿ ಅಥವಾ ನಿನಾದಲ್ಲಿ ಪ್ಲೇಟ್ ಸಾಲ್ವ್ ಮಾಡಿದರೆ, ಅಂದರೆ ಫೋಟೊದ ನಕ್ಷತ್ರಗಳನ್ನು ನಕ್ಷೆಗೆ ಹೋಲಿಸಿದರೆ, ಕ್ಯಾಮೆರಾ ಎಲ್ಲಿ ನೋಡುತ್ತಿದೆ ಅಂತ ತಿಳಿಯುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಎನ್‌ಜಿಸಿ 2244ರ ನಕ್ಷತ್ರಗಳನ್ನು ಗುರುತು ಹಿಡಿಯಿರಿ. ಎರಡು ಸಾಲಿನಲ್ಲಿ ನಿಂತ ಅರ್ಧ ಡಜನ್ ಚುಕ್ಕೆಗಳು ಕಣ್ಣಿಗೆ ಹೊಡೆಯುತ್ತವೆ. ಅವೇ ಹೂವಿನ ನಡು.

ಕ್ಯಾಮೆರಾದ ಕೋನ ಇಲ್ಲೇ ಗೊತ್ತು ಮಾಡಿ, ಸ್ಕ್ರೂ ಬಿಗಿ ಮಾಡಿ. ಇನ್ನು ಬೆಳಗಿನವರೆಗೆ ಅದನ್ನು ತಿರುಗಿಸುವ ಹಾಗಿಲ್ಲ. ಯಾಕೆ ಅಂತ 10ನೇ ಹಂತದಲ್ಲಿ ಹೇಳುತ್ತೇನೆ.

## 8. ಗೈಡಿಂಗ್ ಮತ್ತು ಎಕ್ಸ್‌ಪೋಷರ್

ಇನ್ನೊಂದು ಚಿಕ್ಕ ಕ್ಯಾಮೆರಾ ನಕ್ಷತ್ರವೊಂದನ್ನು ನೋಡುತ್ತಾ ಮೌಂಟಿನ ತಪ್ಪನ್ನು ತಿದ್ದುತ್ತಿರುವುದೇ ಗೈಡಿಂಗ್. 135 ಮಿ.ಮೀ. ಲೆನ್ಸಿಗೆ ಗೈಡಿಂಗ್ ಇಲ್ಲದೆಯೇ 60ರಿಂದ 90 ಸೆಕೆಂಡ್ ತೆಗೆಯಬಹುದು. 300 ಮಿ.ಮೀ. ದಾಟಿದರೆ ಗೈಡಿಂಗ್ ಬೇಕು. ರೋಸೆಟ್ ಸಮಭಾಜಕದ ಹತ್ತಿರ ಇರುವುದರಿಂದ ಅಲ್ಲಿನ ನಕ್ಷತ್ರಗಳ ಓಟ ಅತಿ ವೇಗ, ಮೌಂಟಿನ ತಪ್ಪು ಅಲ್ಲಿ ಎದ್ದು ಕಾಣುತ್ತದೆ.

ಪಿಎಚ್‌ಡಿ2 ತಂತ್ರಾಂಶದಲ್ಲಿ ಕ್ಯಾಲಿಬ್ರೇಷನ್ ಮಾಡಿ, ಎರಡು ಸೆಕೆಂಡಿನ ಗೈಡ್ ಎಕ್ಸ್‌ಪೋಷರ್ ಇಡಿ. ಎಷ್ಟು ತಪ್ಪು ಸಹಿಸಬಹುದು? ಪಿಕ್ಸೆಲ್ ಗಾತ್ರವನ್ನು ಮೈಕ್ರಾನಿನಲ್ಲಿ ಹಿಡಿದು 206ರಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. 4.3 ಮೈಕ್ರಾನ್, 400 ಮಿ.ಮೀ. ಆದರೆ ಪಿಕ್ಸೆಲಿಗೆ 2.2 ಆರ್ಕ್‌ಸೆಕೆಂಡ್. (ಡಿಗ್ರಿಯ 3600ರಲ್ಲಿ ಒಂದು ಭಾಗವೇ ಆರ್ಕ್‌ಸೆಕೆಂಡ್.) ಗೈಡಿಂಗ್ ತಪ್ಪು ಇದರ ಅರ್ಧದಷ್ಟಿದ್ದರೆ ನಿಶ್ಚಿಂತೆ.

ಎಕ್ಸ್‌ಪೋಷರ್‌ಗೆ ಐಎಸ್‌ಒ 800 ಅಥವಾ 1600, ಎಫ್/4ರಿಂದ ಎಫ್/5, 120 ಸೆಕೆಂಡಿನಿಂದ ಶುರು ಮಾಡಿ. ಹಿಸ್ಟೋಗ್ರಾಂ, ಅಂದರೆ ಫೋಟೊದಲ್ಲಿ ಕಪ್ಪಿನಿಂದ ಬಿಳಿವರೆಗೆ ಎಷ್ಟೆಷ್ಟು ಬೆಳಕಿದೆ ಅಂತ ತೋರಿಸುವ ನಕ್ಷೆ ನೋಡಿ. ಗುಡ್ಡದಂಥ ಉಬ್ಬು ಎಡ ಅಂಚಿನಿಂದ ಪೂರ್ತಿ ಬಿಡಿಸಿಕೊಂಡು, ಕಾಲು ಭಾಗದಿಂದ ಮೂರನೇ ಒಂದು ಭಾಗದ ನಡುವೆ ನಿಂತರೆ ಸರಿ. ಅಂಚಿಗೆ ಅಂಟಿದ್ದರೆ ಸಮಯ ಹೆಚ್ಚಿಸಿ. ಅರ್ಧ ದಾಟಿದ್ದರೆ ಕಡಿಮೆ ಮಾಡಿ. ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿದರೆ 300 ಸೆಕೆಂಡ್ ಬೇಕಾಗಬಹುದು.

ಪರದೆಯಲ್ಲಿ ಒಂದು ಫೋಟೊ ನೋಡಿದಾಗ ನೀಹಾರಿಕೆ ಕಾಣುವುದಿಲ್ಲ. ತೀರಾ ಮಸುಕಾದ ಕೆಂಪು ನೆರಳು ಕಂಡರೆ ಕಂಡಿತು. ಇಲ್ಲೇ ಎಷ್ಟೋ ಜನ ಧೈರ್ಯ ಕಳೆದುಕೊಂಡು ಐಎಸ್‌ಒ 12800ಕ್ಕೆ ಏರಿಸಿ ಎಲ್ಲ ಕೆಡಿಸುತ್ತಾರೆ. ಐಎಸ್‌ಒ ಏರಿಸಿದರೆ ಬೆಳಕು ಜಾಸ್ತಿ ಬರುವುದಿಲ್ಲ. ಬಂದಷ್ಟೇ ಬೆಳಕು ದೊಡ್ಡದಾಗಿ ಕಾಣುತ್ತದೆ, ನಕ್ಷತ್ರಗಳ ಬಣ್ಣ ಸುಟ್ಟುಹೋಗುತ್ತದೆ. ಹನಿಗೂಡಿದರೆ ಹಳ್ಳ ಅಂತಾರಲ್ಲ, ಇಲ್ಲಿ ಆ ಮಾತು ಅಕ್ಷರಶಃ ನಿಜ. ಫೋಟೊಗಳನ್ನು ಕೂಡಿಸಿದಾಗ ಬೆಳಕು ಸಮಯದಷ್ಟೇ ಬೆಳೆಯುತ್ತದೆ, ಗದ್ದಲ (ಚಿತ್ರದಲ್ಲಿ ಮರಳಿನಂತೆ ಕಾಣುವ ನಾಯ್ಸ್) ಅದರ ವರ್ಗಮೂಲದಷ್ಟು ಮಾತ್ರ. ಹಾಗಾಗಿ ಒಂದು ಗಂಟೆಯ ಚಿತ್ರಕ್ಕಿಂತ ನಾಲ್ಕು ಗಂಟೆಯದು ಎರಡು ಪಟ್ಟು ಸ್ವಚ್ಛ. ಇನ್ನೂ ಎರಡು ಪಟ್ಟು ಬೇಕೆಂದರೆ 16 ಗಂಟೆ.

ಬೋರ್ಟಲ್ 4ರಲ್ಲಿ, ಫಿಲ್ಟರ್ ತೆಗೆಸಿದ ಕ್ಯಾಮೆರಾಗೆ ಮೂರರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ. ತೆಗೆಸದ ಕ್ಯಾಮೆರಾಗೆ ಎರಡು ಮೂರು ರಾತ್ರಿ ಸೇರಿಸಿ ಹತ್ತು ಗಂಟೆಯ ಹತ್ತಿರ ಹೋಗಿ. ನನಗೆ ಬಂದ ವಿಫಲ ಫೋಟೊಗಳಲ್ಲಿ ಹೆಚ್ಚಿನವು ಒಟ್ಟು 40 ನಿಮಿಷವನ್ನೂ ದಾಟಿರಲಿಲ್ಲ.

ಡಿದರಿಂಗ್ ಮರೆಯಬೇಡಿ. ಎರಡು ಮೂರು ಫೋಟೊಗೊಮ್ಮೆ ಮೌಂಟನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸುವುದೇ ಡಿದರಿಂಗ್. ಹಾಗೆ ಮಾಡದಿದ್ದರೆ ಸೆನ್ಸರಿನ ಕಲೆಗಳು ಒಂದೇ ಕಡೆ ಜಾರಿ, ಹಿನ್ನೆಲೆಯಲ್ಲಿ ಮಳೆ ಸುರಿದಂಥ ಓರೆ ಗೆರೆಗಳಾಗುತ್ತವೆ. ಆಮೇಲೆ ಯಾವ ತಂತ್ರಾಂಶವೂ ಅದನ್ನು ಚೆನ್ನಾಗಿ ತೆಗೆಯಲಾರದು. ಗೈಡಿಂಗ್ ಇಲ್ಲದವರು 15 ನಿಮಿಷಕ್ಕೊಮ್ಮೆ ಕೈಯಿಂದಲೇ ಬಟನ್ ಒತ್ತಿ ಸ್ವಲ್ಪ ಸರಿಸಿ.

## 9. ರಾತ್ರಿ ಕಣ್ಣಿಡಬೇಕಾದ ಲಕ್ಷಣಗಳು

ಅರ್ಧ ಗಂಟೆಗೊಮ್ಮೆ ಇತ್ತೀಚಿನ ಫೋಟೊವನ್ನು ದೊಡ್ಡದು ಮಾಡಿ ನಾಲ್ಕು ಮೂಲೆ ಮತ್ತು ನಡುಭಾಗ ನೋಡಿ. ನಕ್ಷತ್ರದ ಆಕಾರವೇ ಕಾಯಿಲೆ ಹೇಳುತ್ತದೆ.

ಎಲ್ಲ ನಕ್ಷತ್ರಗಳೂ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಗೈಡಿಂಗ್, ಗಾಳಿ ಅಥವಾ ಎಳೆಯುತ್ತಿರುವ ಕೇಬಲ್. ನಾಲ್ಕೂ ಮೂಲೆಯಲ್ಲಿ ನಡುವಿನಿಂದ ಹೊರಕ್ಕೆ ಚಾಚಿದ್ದರೆ ಫ್ಲಾಟ್ನರ್ ದೂರ ತಪ್ಪಿದೆ. ಒಂದೇ ಬದಿ ಕೆಟ್ಟಿದ್ದರೆ ಕ್ಯಾಮೆರಾ ಓರೆಯಾಗಿ ಕೂತಿದೆ. ಒಂದು ಬಿಂದುವಿನ ಸುತ್ತ ಸುತ್ತಿದಂತಿದ್ದರೆ ಧ್ರುವಕ್ಕೆ ಹೊಂದಿಸಿದ್ದು ತಪ್ಪು, ಐದನೇ ಹಂತಕ್ಕೆ ವಾಪಸ್ ಹೋಗಿ. ನಕ್ಷತ್ರಗಳು ನಿಧಾನಕ್ಕೆ ದಪ್ಪಗಾಗುತ್ತಿದ್ದರೆ ಫೋಕಸ್ ಜಾರಿದೆ. ಪ್ರಕಾಶಮಾನ ನಕ್ಷತ್ರದ ಸುತ್ತ ಹತ್ತಿ ಸುತ್ತಿದಂತೆ ಕಂಡರೆ ತೆಳು ಮೋಡ, ಇಲ್ಲವೇ ಇಬ್ಬನಿ.

ಇಬ್ಬನಿ ಕೂತ ಮೇಲೆ ಹೀಟರ್ ಹಾಕಿದರೆ ಹೋಗಲು ಬಹಳ ಹೊತ್ತು ಬೇಕು. ಸಂಜೆಯೇ ಹಾಕಿ. ಬಟ್ಟೆಯಿಂದ ಮಾತ್ರ ಒರೆಸಬೇಡಿ, ಲೆನ್ಸಿನ ಲೇಪ ಕೆರೆದುಹೋಗುತ್ತದೆ.

ರೋಸೆಟ್ ನೆತ್ತಿ ದಾಟುವಾಗ ಪಕ್ಕದಲ್ಲೇ ಇರಿ. ಆ ಹೊತ್ತಿಗೆ ಕೊಳವೆಯ ಹಿಂಭಾಗ ನೆಲದ ಕಡೆ ಇಳಿದಿರುತ್ತದೆ, ಕ್ಯಾಮೆರಾ ಟ್ರೈಪಾಡಿನ ಕಾಲಿಗೆ ತಾಗಬಹುದು. ನೆತ್ತಿ ದಾಟಿದ ಮೇಲೆ ಟೆಲಿಸ್ಕೋಪನ್ನು ಮೌಂಟಿನ ಇನ್ನೊಂದು ಬದಿಗೆ ತಿರುಗಿಸಬೇಕು. ಈ ಮೆರಿಡಿಯನ್ ಫ್ಲಿಪ್ ಆದಮೇಲೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಗಾಬರಿ ಬೇಡ, ಫೋಟೊಗಳನ್ನು ಒಂದರ ಮೇಲೊಂದು ಕೂಡಿಸುವ ಸ್ಟ್ಯಾಕಿಂಗ್ ತಂತ್ರಾಂಶ ತಾನೇ ತಿರುಗಿಸಿಕೊಳ್ಳುತ್ತದೆ. ಮತ್ತೆ ಗುರಿ ನಡುವೆ ತಂದು, ಗೈಡಿಂಗ್ ಶುರುವಾಗಿದೆಯೇ ನೋಡಿ ಮುಂದುವರಿಸಿ.

## 10. ಬಿಚ್ಚುವ ಮೊದಲು: ಫ್ಲ್ಯಾಟ್ಸ್, ಡಾರ್ಕ್ಸ್, ಬಯಾಸ್

ಮೂರು ವರ್ಷದ ಹಿಂದೆ ಹಾಸನ ಜಿಲ್ಲೆಯ ಒಂದು ತೋಟದಲ್ಲಿ ನಾಲ್ಕು ಗಂಟೆಯ ಒಳ್ಳೆಯ ಫೋಟೊಗಳು ಸಿಕ್ಕಿದ್ದವು. ಚಳಿ ಜೋರಾಗಿತ್ತು. ಫ್ಲ್ಯಾಟ್ಸ್ ನಾಳೆ ಮನೆಯಲ್ಲಿ ತೆಗೆದರಾಯ್ತು ಅಂತ ಕ್ಯಾಮೆರಾ ಬಿಚ್ಚಿ ಬ್ಯಾಗಿಗೆ ಹಾಕಿದೆ. ಮನೆಯಲ್ಲಿ ತೆಗೆದ ಫ್ಲ್ಯಾಟ್ಸ್ ಒಂದೂ ಹೊಂದಲಿಲ್ಲ. ಪ್ರತಿ ಧೂಳಿನ ಉಂಗುರವೂ ಎರಡೆರಡಾಗಿ ನಿಂತಿತು. ರೋಸೆಟ್‌ನ ಹೊರ ಎಸಳುಗಳು ಆ ಕಲೆಗಳಲ್ಲೇ ಮುಳುಗಿಹೋದವು. ಅದಕ್ಕೇ ಈ ಹಂತವನ್ನು ಒತ್ತಿ ಹೇಳುತ್ತಿದ್ದೇನೆ.

ಫ್ಲ್ಯಾಟ್ಸ್ ಅಂದರೆ ಸಮನಾದ ಬಿಳಿ ಬೆಳಕಿನ ಫೋಟೊಗಳು. ಮೂಲೆಗಳ ಕತ್ತಲು, ಧೂಳಿನ ಕಲೆ ಎಲ್ಲಿದೆ ಅಂತ ಇವು ತಂತ್ರಾಂಶಕ್ಕೆ ತಿಳಿಸುತ್ತವೆ. ನೀಹಾರಿಕೆಯ ಬೆಳಕು ಆಕಾಶದ ಹಿನ್ನೆಲೆಗಿಂತ ಶೇಕಡಾ ಕೆಲವೇ ಅಂಶ ಜಾಸ್ತಿ ಇರುತ್ತದೆ. ಮೂಲೆಯ ಕತ್ತಲು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದನ್ನು ಕಳೆಯದೆ ಮಸುಕಾದ್ದನ್ನು ಮೇಲೆತ್ತಲು ಸಾಧ್ಯವೇ ಇಲ್ಲ. ಫೋಕಸ್, ಕ್ಯಾಮೆರಾದ ಕೋನ, ಐಎಸ್‌ಒ ಒಂದೂ ಬದಲಾಗಬಾರದು. ಲೆನ್ಸ್ ಅಥವಾ ಕೊಳವೆಯ ಬಾಯಿಗೆ ಬಿಳಿ ಟಿ-ಶರ್ಟ್ ಸುಕ್ಕಿಲ್ಲದಂತೆ ಕಟ್ಟಿ, ಮೇಲೆ ಟ್ಯಾಬ್ಲೆಟ್‌ನ ಬಿಳಿ ಪರದೆ ಇಟ್ಟು, ಹಿಸ್ಟೋಗ್ರಾಂ ನಡುವಿಗೆ ಬರುವಂತೆ 25 ತೆಗೆಯಿರಿ. ಫ್ಲಿಪ್ ಆಗಿದ್ದರೂ ಇದೇ ಒಂದು ಸೆಟ್ ಸಾಕು.

ಡಾರ್ಕ್ಸ್ ಮುಚ್ಚಳ ಹಾಕಿ ತೆಗೆಯುವಂಥವು. ಅದೇ ಸಮಯ, ಅದೇ ಐಎಸ್‌ಒ, ಅದೇ ತಾಪ. 20 ಸಾಕು. ಸಾಮಾನು ಜೋಡಿಸಿಕೊಳ್ಳುವಾಗ ಕ್ಯಾಮೆರಾ ಹೊರಗೇ ಇದನ್ನು ಮಾಡುತ್ತಿರಲಿ. ಬೆಚ್ಚಗಿನ ಕೋಣೆಯಲ್ಲಿ ತೆಗೆದರೆ ಪ್ರಯೋಜನವಿಲ್ಲ.

ಬಯಾಸ್: ಮುಚ್ಚಳ ಹಾಕಿ, ಅದೇ ಐಎಸ್‌ಒ, ಕ್ಯಾಮೆರಾದ ಅತಿ ವೇಗದ ಶಟರ್. 50.

## 11. ಸ್ಟ್ಯಾಕಿಂಗ್

ಇದಕ್ಕೆ ಸಿರಿಲ್ ತಂತ್ರಾಂಶ ಉಚಿತ, ಚೆನ್ನಾಗಿದೆ. ಒಂದು ಫೋಲ್ಡರಿನೊಳಗೆ ಲೈಟ್ಸ್ (ನೀಹಾರಿಕೆಯ ಫೋಟೊಗಳು), ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸಸ್ ಅಂತ ಇಂಗ್ಲಿಷಿನಲ್ಲೇ ನಾಲ್ಕು ಫೋಲ್ಡರ್ ಮಾಡಿ ಫೈಲ್ ಹಾಕಿ, ಬಣ್ಣದ ಕ್ಯಾಮೆರಾದ ಸ್ಕ್ರಿಪ್ಟ್ ಓಡಿಸಿ.

ಓಡಿಸುವ ಮೊದಲು ಲೈಟ್ಸ್ ಒಂದೊಂದನ್ನೂ ಕಣ್ಣಾರೆ ನೋಡಿ. ಮೋಡ, ಎಳೆದ ನಕ್ಷತ್ರ ಇದ್ದದ್ದನ್ನು ಕಿತ್ತುಹಾಕಿ. ಉಪಗ್ರಹ ಅಥವಾ ವಿಮಾನದ ಗೆರೆ ಇದ್ದರೆ ಬಿಡಿ, ಉಳಿದ ಫೋಟೊಗಳಿಗೆ ಹೊಂದದ್ದನ್ನು ಕೈಬಿಡುವ ಸಿಗ್ಮಾ ರಿಜೆಕ್ಷನ್ ಅದನ್ನು ತಾನೇ ಅಳಿಸುತ್ತದೆ. ನೂರರಲ್ಲಿ 10, 15 ಕಳೆದುಕೊಂಡರೆ ಬೇಸರ ಬೇಡ.

## 12. ಮಸುಕಾದ್ದನ್ನು ಮೇಲೆತ್ತುವುದು

ಸ್ಟ್ಯಾಕ್ ಆದ ಫೈಲ್ ಮೊದಲು ಪೂರ್ತಿ ಕಪ್ಪಗೇ ಕಾಣುತ್ತದೆ. ಸಿರಿಲ್‌ನಲ್ಲಿ ಆಟೊಸ್ಟ್ರೆಚ್ ನೋಟಕ್ಕೆ ಬದಲಿಸಿ. ಹೂವು ಕಂಡಿತು ಅಲ್ವಾ? ಆದರೆ ಅದು ಕಣ್ಣಿಗೆ ತೋರಿಸಿದ್ದು ಮಾತ್ರ, ಫೈಲ್ ಇನ್ನೂ ಬದಲಾಗಿಲ್ಲ. ಇಲ್ಲಿಂದ ಮುಂದೆ ಈ ಕ್ರಮ ತಪ್ಪಿಸಬೇಡಿ.

ಮೊದಲು ಅಂಚು ಕತ್ತರಿಸಿ. ಡಿದರಿಂಗ್‌ನಿಂದ ಅಂಚುಗಳಲ್ಲಿ ಪಟ್ಟಿ ಉಳಿದಿರುತ್ತದೆ.

ನಂತರ ಹಿನ್ನೆಲೆಯ ಏರಿಳಿತ ತೆಗೆಯಿರಿ. ಸಿರಿಲ್‌ನ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ ಅಥವಾ ಗ್ರಾಎಕ್ಸ್‌ಪರ್ಟ್ ಬಳಸಬಹುದು. ಮಾದರಿ ಬಿಂದುಗಳು ನೀಹಾರಿಕೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ರೋಸೆಟ್‌ನ ಮಂಕು ಎಸಳುಗಳು ಕಣ್ಣಿಗೆ ಕಾಣುವುದಕ್ಕಿಂತ ಆಚೆಗೂ ಹರಡಿವೆ. ಬಿಂದು ಅಲ್ಲಿ ಬಿದ್ದರೆ ತಂತ್ರಾಂಶ ಅದನ್ನು ಬೀದಿದೀಪದ ಬೆಳಕು ಅಂತ ತಿಳಿದು ಅಳಿಸುತ್ತದೆ. ಇಷ್ಟು ಕಷ್ಟಪಟ್ಟು ಹಿಡಿದದ್ದನ್ನು ಕೈಯಾರೆ ಒರೆಸಿದ ಹಾಗೆ. ಹೂವಿನ ಸುತ್ತ ಧಾರಾಳವಾಗಿ ಜಾಗ ಬಿಟ್ಟು, ಮೂಲೆಗಳಲ್ಲಿ ಮಾತ್ರ ಹತ್ತಿಪ್ಪತ್ತು ಬಿಂದು ಇಡಿ.

ಮೂರನೆಯದು ಬಣ್ಣದ ಕ್ಯಾಲಿಬ್ರೇಷನ್. ಸಿರಿಲ್ ನಕ್ಷತ್ರಗಳ ನಿಜವಾದ ಬಣ್ಣದ ಪಟ್ಟಿ ನೋಡಿ ಹೊಂದಿಸುತ್ತದೆ. ಇದನ್ನು ಹಿನ್ನೆಲೆ ತೆಗೆಯುವ ಮೊದಲೇ ಮಾಡಿದರೆ ಬಣ್ಣ ತಪ್ಪುತ್ತದೆ.

ನಾಲ್ಕನೆಯದು ಸ್ಟಾರ್‌ನೆಟ್‌ನಿಂದ ನಕ್ಷತ್ರಗಳನ್ನು ಬೇರೆ ಮಾಡುವುದು. ಈಗ ನೀಹಾರಿಕೆಯನ್ನು ಎಷ್ಟು ಮೇಲೆತ್ತಿದರೂ ನಕ್ಷತ್ರಗಳು ಉಬ್ಬುವುದಿಲ್ಲ.

ಐದನೆಯದು ಸ್ಟ್ರೆಚ್, ಅಂದರೆ ಮಸುಕಾದ ಬೆಳಕನ್ನು ಕಣ್ಣಿಗೆ ಕಾಣುವಷ್ಟು ಮೇಲಕ್ಕೆ ಎಳೆಯುವುದು. ಒಂದೇ ಸಲ ಎಳೆಯಬೇಡಿ. ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ. ಪ್ರತಿ ಸಲವೂ ಹಿಸ್ಟೋಗ್ರಾಂನ ಎಡ ಅಂಚು ನೋಡಿ. ಆಕಾಶ ಅಂದರೆ ಕಪ್ಪು ಅಂತ ಎಡದ ಗುಂಡಿಯನ್ನು ಉಬ್ಬಿನೊಳಕ್ಕೆ ತಳ್ಳುವುದೇ ಇಲ್ಲಿನ ದೊಡ್ಡ ತಪ್ಪು. ಅತಿ ಮಸುಕಾದ ಎಸಳು ಇರುವುದು ಆ ಉಬ್ಬಿನೊಳಗೇ. ಹಿನ್ನೆಲೆ 255ರಲ್ಲಿ 20ರಿಂದ 30ರಷ್ಟು ಬೂದು ಇರಲಿ.

ಕೊನೆಗೆ ಗದ್ದಲ ಸ್ವಲ್ಪ ಕಡಿಮೆ ಮಾಡಿ, ಬಣ್ಣ ಸ್ವಲ್ಪ ಏರಿಸಿ, ನಕ್ಷತ್ರಗಳನ್ನು ವಾಪಸ್ ಸೇರಿಸಿ. ಮೇಣದಂತೆ ನುಣುಪಾಗಿ ಕಂಡರೆ ಗದ್ದಲ ತೆಗೆದದ್ದು ಜಾಸ್ತಿಯಾಯಿತು, ಅರ್ಧಕ್ಕೆ ಇಳಿಸಿ.

ಇಷ್ಟಾದ ಮೇಲೂ ಎಸಳುಗಳು ಮರಳು ಮರಳಾಗಿ ಕಂಡರೆ ಸಮಯ ಸಾಲದು ಅಂತಲೇ ಅರ್ಥ. ಮೂಲ ರಾ ಫೈಲುಗಳನ್ನು, ಆ ರಾತ್ರಿಯ ಫ್ಲ್ಯಾಟ್ಸ್, ಡಾರ್ಕ್ಸ್ ಸಮೇತ, ತಾರೀಖು ಬರೆದು ಎರಡು ಕಡೆ ಉಳಿಸಿಡಿ. ರೋಸೆಟ್ ಮುಂದಿನ ಜನವರಿಯಲ್ಲೂ ಅದೇ ಜಾಗದಲ್ಲಿರುತ್ತದೆ. ಅದೇ ಲೆನ್ಸ್, ಅದೇ ಚೌಕಟ್ಟಿನಲ್ಲಿ ಇನ್ನೊಂದು ನಾಲ್ಕು ಗಂಟೆ ತೆಗೆಯಿರಿ. ಆ ರಾತ್ರಿಯದನ್ನು ಅದರದೇ ಫ್ಲ್ಯಾಟ್ಸ್‌ನಿಂದ ಸರಿಪಡಿಸಿ, ಈ ವರ್ಷದ್ದರ ಜೊತೆ ಸೇರಿಸಿ ಸ್ಟ್ಯಾಕ್ ಮಾಡಿ.